ದಿಗ್ವ್ರತವೂ ದಾರಿಯ ಬುತ್ತಿಯೂ

ಶ್ರಾವಕನ ಹನ್ನೆರಡು ವ್ರತಗಳಲ್ಲಿ ಪ್ರಯಾಣಕ್ಕೆಂದೇ ಒಂದು ವ್ರತವಿದೆ ಎಂಬುದು ನಮ್ಮಲ್ಲಿ ಅನೇಕರಿಗೆ ಮರೆತುಹೋಗಿದೆ. ಐದು ಅಣುವ್ರತಗಳ ಬಳಿಕ ಬರುವ ಮೂರು ಗುಣವ್ರತಗಳಲ್ಲಿ ಮೊದಲನೆಯದು ದಿಗ್ವ್ರತ. ಇಂಥ ನದಿಯವರೆಗೆ, ಇಂಥ ಬೆಟ್ಟದವರೆಗೆ, ಇಷ್ಟು ಯೋಜನದವರೆಗೆ ಮಾತ್ರ ಹೋಗುತ್ತೇನೆಂದು ಹತ್ತು ದಿಕ್ಕುಗಳಲ್ಲಿಯೂ ಗೃಹಸ್ಥನು ತನಗೆ ತಾನೇ ಎಲ್ಲೆ ಹಾಕಿಕೊಳ್ಳುವುದು ಅದರ ಸ್ವರೂಪ. ಮನುಷ್ಯನು ಹೋದಲ್ಲೆಲ್ಲ ಅವನ ಬೇಕು-ಬೇಡಗಳೂ ಹೋಗುತ್ತವೆ, ಅವುಗಳೊಡನೆ ಹಿಂಸೆಯೂ ಹೋಗುತ್ತದೆ ಎಂಬುದನ್ನು ನಮ್ಮ ಆಚಾರ್ಯರು ಕಂಡಿದ್ದರು. ಎಲ್ಲೆಯ ಆಚೆಗಿನ ಪ್ರದೇಶದ ಮಟ್ಟಿಗೆ ಅಂಥ ಶ್ರಾವಕನ ಅಣುವ್ರತವು ಮಹಾವ್ರತಕ್ಕೆ ಸಮನಾಗುತ್ತದೆ ಎಂದು ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಹೇಳಿದ್ದಾರೆ. ತಾನು ಎಂದೂ ಕಾಲಿಡದ ನೆಲದಲ್ಲಿ ತನ್ನಿಂದ ಒಂದು ಇರುವೆಗೂ ನೋವಿಲ್ಲ ಎಂಬುದು ಅದರ ತಾತ್ಪರ್ಯ.

ಇಂದು ಬೆಳಗಾವಿಯ ಮಗ ಬರ್ಲಿನ್ನಿನಲ್ಲಿದ್ದಾನೆ, ಕಾರ್ಕಳದ ಮಗಳು ಸಿಂಗಪುರದಲ್ಲಿದ್ದಾಳೆ. ಅವರನ್ನು ಹೋಗಬೇಡಿರೆಂದು ತಡೆಯುವ ಮಾತು ಈ ಅಂಕಣದಲ್ಲಿ ಬರುವುದಿಲ್ಲ. ಆದರೆ ದಿಕ್ಕಿನ ಎಲ್ಲೆ ಸಡಿಲವಾದಾಗ ಬೇರೊಂದು ಎಲ್ಲೆಯನ್ನು ಬಿಗಿ ಮಾಡಿಕೊಳ್ಳಬೇಕಾಗುತ್ತದೆ. ಅದು ಭೋಗೋಪಭೋಗ ಪರಿಮಾಣ: ನಾನು ಏನನ್ನು ಉಣ್ಣುತ್ತೇನೆ, ಏನನ್ನು ಉಣ್ಣುವುದಿಲ್ಲ ಎಂಬುದನ್ನು ಹೊರಡುವ ಮೊದಲೇ ಗೊತ್ತುಮಾಡಿಕೊಳ್ಳುವುದು. ಹಸಿವಾದಾಗ ಹೋಟೆಲಿನ ಮೇಜಿನ ಮುಂದೆ ಕುಳಿತು ಮಾಡುವ ನಿರ್ಧಾರದಲ್ಲಿ ನಾಲಗೆಯ ಮಾತೇ ಗೆಲ್ಲುತ್ತದೆ.

ನಾನು ಪಾಠ ಹೇಳಿದ ಹುಡುಗನೊಬ್ಬ ಈಗ ಜರ್ಮನಿಯಲ್ಲಿ ಎಂಜಿನಿಯರ್. ಕೆಲಸಕ್ಕೆ ಸೇರಿದ ಹೊಸದರಲ್ಲಿ ಅವನು ಕಚೇರಿಯ ಊಟದ ಮನೆಯಲ್ಲಿ ದಿನವೂ ಟೊಮೆಟೊ ಸೂಪನ್ನೂ ಬ್ರೆಡ್ಡನ್ನೂ ತೆಗೆದುಕೊಳ್ಳುತ್ತಿದ್ದ. ಮೂರು ವಾರಗಳಾದ ಮೇಲೆ ಸಹೋದ್ಯೋಗಿಯೊಬ್ಬರಿಂದ ತಿಳಿಯಿತು, ಆ ಸೂಪಿನ ತಳಸಾರು ಮೂಳೆ ಬೇಯಿಸಿ ಇಳಿಸಿದ್ದೆಂದು. ಆ ರಾತ್ರಿ ಅವನು ನನಗೆ ಫೋನು ಮಾಡಿದ. "ಸರ್, ಮನೆಯಲ್ಲಿ ಹೇಳಿಲ್ಲ. ಅಮ್ಮ ಕೇಳಿದರೆ ಊಟ ಬಿಟ್ಟುಬಿಡುತ್ತಾರೆ. ನನ್ನ ನಿಯಮ ಮುರಿಯಿತಲ್ಲವೇ?" ಎಂದ. ದನಿ ನಡುಗುತ್ತಿತ್ತು.

ಉಮಾಸ್ವಾತಿ ಆಚಾರ್ಯರು ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಹಿಂಸೆಯ ಲಕ್ಷಣವನ್ನು ಹೇಳುವಾಗ ಪ್ರಾಣಹಾನಿಯ ಜೊತೆಗೆ ಪ್ರಮಾದವನ್ನೂ ಸೇರಿಸುತ್ತಾರೆ. ಪ್ರಮಾದವೆಂದರೆ ಎಚ್ಚರಗೇಡಿತನ. ಅವನು ತಿಳಿಯದೆ ಕುಡಿದದ್ದನ್ನೂ ಬೇಕೆಂದೇ ಕುಡಿದದ್ದನ್ನೂ ಒಂದೇ ತಕ್ಕಡಿಯಲ್ಲಿ ತೂಗಲಾಗದೆಂದು ನಾನು ಹೇಳಿದೆ. ದೋಷವೇ ಇಲ್ಲವೆಂದು ಹೇಳಲಿಲ್ಲ. ಅದಕ್ಕೆ ಆಲೋಚನೆ, ಪ್ರತಿಕ್ರಮಣ, ಪ್ರಾಯಶ್ಚಿತ್ತಗಳ ದಾರಿ ನಮ್ಮಲ್ಲಿ ಇದ್ದೇ ಇದೆ. ಕೆಲವು ದಿನ ಏಕಾಶನ ಮಾಡು, ಣಮೋಕಾರ ಮಂತ್ರದ ಜಪ ಮಾಡು, ಊರಿಗೆ ಬಂದಾಗ ಮುನಿಗಳ ಮುಂದೆ ಹೇಳಿಕೋ, ಅದಕ್ಕೂ ಮೊದಲು ಅಮ್ಮನಿಗೆ ಹೇಳು ಎಂದೆ. ಆದರೆ ತಿಳಿದ ಮೇಲೆಯೂ ಕೇಳದೆ ಉಂಡರೆ ಅದು ಪ್ರಮಾದವಾಗುತ್ತದೆ. ಅವನು ಜಾಣ. "ಹಾಗಾದರೆ ಏನೆಂದು ಕೇಳಬೇಕು, ಸರ್?" ಎಂದು ಮರುಪ್ರಶ್ನೆ ಹಾಕಿದ.

ಪರದೇಶದಲ್ಲಿ ಸಸ್ಯಾಹಾರಿಯ ಮುಕ್ಕಾಲು ಕಷ್ಟ ಈ ಪ್ರಶ್ನೆಯಲ್ಲಿದೆ. 'ಸಸ್ಯಾಹಾರ' ಎಂಬ ಒಂದು ಪದಕ್ಕೆ ಊರಿಗೊಂದು ಅರ್ಥ. ನಮ್ಮ ದೇಶದ ಕಾನೂನಿನಲ್ಲಿ ಮೊಟ್ಟೆ ಮಾಂಸಾಹಾರ. ಪೊಟ್ಟಣದ ಮೇಲೆ ಹಸಿರು ಚುಕ್ಕೆ ಬೀಳುವುದಿಲ್ಲ. ಯುರೋಪ್, ಅಮೆರಿಕಗಳಲ್ಲಿ ಸಸ್ಯಾಹಾರಿ ತಿಂಡಿಯಲ್ಲಿ ಮೊಟ್ಟೆ ಇರುವುದು ಸಾಮಾನ್ಯ. ಕೇಕು, ಬಿಸ್ಕತ್ತು, ಕೆಲವು ಬಗೆಯ ಶಾವಿಗೆಗಳಲ್ಲಿಯೂ ಇರುತ್ತದೆ. ಇಟಲಿಯ ಪಾರ್ಮಿಜಾನೊ ಗಿಣ್ಣನ್ನು ಹೆಪ್ಪುಗಟ್ಟಿಸುವುದು ಕರುವಿನ ಜಠರದಿಂದ ತೆಗೆದ ರೆನೆಟ್ಟಿನಿಂದ; ನೋಡುವುದಕ್ಕೆ ಅದು ಹಾಲಿನ ಪದಾರ್ಥವೇ. ಮಕ್ಕಳು ಇಷ್ಟಪಡುವ ಮೆತ್ತನೆಯ ಮಿಠಾಯಿಗಳಲ್ಲಿ ಜೆಲಟಿನ್ ಇರುತ್ತದೆ, ಅದು ಪ್ರಾಣಿಗಳ ಚರ್ಮ ಮತ್ತು ಮೂಳೆಯಿಂದ ಬಂದದ್ದು. ಜಪಾನಿನಲ್ಲಿ ತರಕಾರಿಯ ಸಾರೂ ಬಹಳಷ್ಟು ಸಲ ಒಣಮೀನಿನ ತಿಳಿಸಾರಿನ ಮೇಲೆ ನಿಂತಿರುತ್ತದೆ. ಥಾಯ್ಲೆಂಡಿನಲ್ಲಿ ಉಪ್ಪಿನ ಜಾಗದಲ್ಲಿ ಮೀನಿನ ರಸ ಬೀಳುತ್ತದೆ. ಅಡುಗೆಯವನು ಸುಳ್ಳು ಹೇಳುತ್ತಿಲ್ಲ. ಅವನ ಭಾಷೆಯಲ್ಲಿ ಮೀನಿನ ರಸ ಮಾಂಸವಲ್ಲ, ಅಷ್ಟೆ.

ನಮ್ಮ ಹಸಿರು ಚುಕ್ಕೆಯಾದರೂ ಜೈನನಿಗೆ ಪೂರ್ತಿ ಭರವಸೆ ಕೊಡುವುದಿಲ್ಲ. ಮಾಂಸಾಹಾರದ ವ್ಯಾಖ್ಯೆಯಿಂದ ಹಾಲಿನ ಜೊತೆಗೆ ಜೇನನ್ನೂ ಕಾನೂನು ಹೊರಗಿಟ್ಟಿದೆ. ಮಧುತ್ಯಾಗವು ಶ್ರಾವಕನ ಅಷ್ಟಮೂಲಗುಣಗಳಲ್ಲಿ ಸೇರಿದ್ದು; ಆದರೆ ಹಸಿರು ಚುಕ್ಕೆಯ ಬಿಸ್ಕತ್ತಿನಲ್ಲಿ ಜೇನು ಧಾರಾಳವಾಗಿ ಇರಬಹುದು. 2022ರಲ್ಲಿ ವೀಗನ್ ಆಹಾರಕ್ಕೆಂದು ಪ್ರತ್ಯೇಕ ನಿಯಮಾವಳಿ ಬಂದಿತು. ಆ ಗುರುತಿರುವ ಪೊಟ್ಟಣದಲ್ಲಿ ಹಾಲೂ ಇಲ್ಲ, ಜೇನೂ ಇಲ್ಲ. ಹಾಗೆಂದು ವೀಗನ್ ಎಂದರೆ ಜೈನ ಆಹಾರವಾಗಿಬಿಡುವುದಿಲ್ಲ. ಈರುಳ್ಳಿ, ಬೆಳ್ಳುಳ್ಳಿ, ಆಲೂಗಡ್ಡೆಗಳು ಅದರಲ್ಲಿ ನಿರಾತಂಕವಾಗಿ ಕುಳಿತಿರುತ್ತವೆ. ಕನ್ನಡಕ ಹಾಕಿಕೊಂಡು ಹಿಂಬದಿಯ ಸಣ್ಣ ಅಕ್ಷರಗಳನ್ನು ಓದದೆ ಗತಿಯಿಲ್ಲ. ನನ್ನ ವಯಸ್ಸಿನವರಿಗೆ ಇದೂ ಒಂದು ಸ್ವಾಧ್ಯಾಯ.

ವಿಮಾನದ ಊಟದ ವಿಷಯವನ್ನು ಇಲ್ಲಿಯೇ ಹೇಳಿ ಮುಗಿಸುತ್ತೇನೆ. ಟಿಕೆಟ್ಟಿನ ಜೊತೆಗೆ ಊಟ ಆರಿಸುವಾಗ ನಾಲ್ಕಕ್ಷರದ ಸಂಕೇತಗಳು ಕಾಣುತ್ತವೆ. ವಿಎಲ್‌ಎಂಎಲ್ ಎಂದಿದ್ದರೆ ಅದರಲ್ಲಿ ಮೊಟ್ಟೆ ಬರಬಹುದು. ಎವಿಎಂಎಲ್ ಎಂದರೆ ಭಾರತೀಯ ರೀತಿಯ ಸಸ್ಯಾಹಾರ, ವಿಜಿಎಂಎಲ್ ಎಂದರೆ ವೀಗನ್. ವಿಜೆಎಂಎಲ್ ಎಂಬುದು ಗಡ್ಡೆಗೆಣಸು, ಈರುಳ್ಳಿ, ಬೆಳ್ಳುಳ್ಳಿ ಇಲ್ಲದ ಜೈನ ಊಟ. ವಿಮಾನ ಏರಿದ ಮೇಲೆ ಕೇಳಿದರೆ ಸಿಗುವುದಿಲ್ಲ. ಒಂದೆರಡು ದಿನ ಮೊದಲೇ ತಿಳಿಸಿರಬೇಕು.

ಈ ಸಂಕೇತಗಳಾಗಲಿ ಚುಕ್ಕೆಗಳಾಗಲಿ ಇಲ್ಲದ ಕಾಲದಲ್ಲಿ ಹದಿನೆಂಟು ವರ್ಷದ ತರುಣನೊಬ್ಬ ಮುಂಬಯಿಯಿಂದ ಹಡಗು ಹತ್ತಿದ್ದ. 1888ರ ಸೆಪ್ಟೆಂಬರ್ 4. ಮಗನನ್ನು ವಿಲಾಯಿತಿಗೆ ಕಳಿಸಲು ತಾಯಿ ಪುತಲೀಬಾಯಿ ಅಂಜಿದಾಗ, ಮನೆಯ ಹಿತೈಷಿಗಳಾಗಿದ್ದ ಜೈನ ಸಾಧು ಬೇಚರ್‌ಜೀ ಸ್ವಾಮಿಗಳು ಅವನಿಂದ ಮದ್ಯ, ಮಾಂಸ, ಪರಸ್ತ್ರೀಗಳನ್ನು ಮುಟ್ಟುವುದಿಲ್ಲವೆಂದು ಪ್ರತಿಜ್ಞೆ ಮಾಡಿಸಿದ್ದರು. ಆ ತರುಣನೇ ಮೋಹನದಾಸ ಗಾಂಧಿ. ಹಡಗಿನಲ್ಲಿ ಯಾವ ಖಾದ್ಯದಲ್ಲಿ ಮಾಂಸವಿಲ್ಲವೆಂದು ಬಡಿಸುವವನನ್ನು ಕೇಳಲು ಆತನಿಗೆ ಸಂಕೋಚ. ಇಂಗ್ಲಿಷ್ ಮಾತೂ ಓಡುತ್ತಿರಲಿಲ್ಲ. ಜೊತೆಗೆ ತಂದಿದ್ದ ಸಿಹಿತಿಂಡಿ, ಹಣ್ಣುಗಳನ್ನು ತನ್ನ ಕೋಣೆಯಲ್ಲಿಯೇ ತಿಂದು ದಿನ ಕಳೆದ. ಬಿಸ್ಕೆ ಕೊಲ್ಲಿ ಬಂದಾಗ ಮಾಂಸ ತಿನ್ನದೆ ವಿಧಿಯಿಲ್ಲವೆಂದು ಸಹಪ್ರಯಾಣಿಕರೊಬ್ಬರು ಹೆದರಿಸಿದರು. ಕೊಲ್ಲಿಯೂ ದಾಟಿತು. ಮಾಂಸ ತಿನ್ನಲಿಲ್ಲವೆಂಬುದಕ್ಕೆ ಆತ ಪ್ರಮಾಣಪತ್ರ ಬರೆಸಿಕೊಂಡಿದ್ದೂ ಉಂಟು. ಅಂಥ ಪತ್ರ ಮಾಂಸ ತಿಂದವನಿಗೂ ಸಿಗುತ್ತದೆಂದು ತಿಳಿದ ಮೇಲೆ ಅದರ ಬೆಲೆ ಹೋಯಿತು.

ಲಂಡನ್ನಿನಲ್ಲಿ ಉಪ್ಪುಕಾರವಿಲ್ಲದ ಬೇಯಿಸಿದ ತರಕಾರಿ ಗಂಟಲಿಗಿಳಿಯಲಿಲ್ಲ. ಓದು ಬಾರದ ತಾಯಿಯ ಮುಂದೆ, ಇಲ್ಲಿನ ಸ್ಥಿತಿ ತಿಳಿಯದೆ ಮಾಡಿದ ಪ್ರತಿಜ್ಞೆ ಪ್ರತಿಜ್ಞೆಯೇ ಅಲ್ಲವೆಂದು ಸ್ನೇಹಿತರು ವಾದಿಸಿದರು. ದಿನಕ್ಕೆ ಹತ್ತು ಹನ್ನೆರಡು ಮೈಲಿ ಅಲೆದು ಫ್ಯಾರಿಂಗ್‌ಡನ್ ಬೀದಿಯಲ್ಲಿ ಕೊನೆಗೊಂದು ಸಸ್ಯಾಹಾರಿ ಭೋಜನಾಲಯವನ್ನು ಕಂಡುಹಿಡಿದು, ಇಂಗ್ಲೆಂಡಿಗೆ ಬಂದ ಮೇಲೆ ಮೊದಲ ಬಾರಿಗೆ ಹೊಟ್ಟೆ ತುಂಬ ಉಂಡ. ಅಲ್ಲಿ ಕೊಂಡ ಹೆನ್ರಿ ಸಾಲ್ಟರ ಪುಸ್ತಕ ಓದಿದ ಮೇಲೆ, ತಾಯಿಗಾಗಿ ಹಿಡಿದಿದ್ದ ನಿಯಮ ಅವನ ಸ್ವಂತದ್ದಾಯಿತು. ಈ ಕಥೆ ಎಲ್ಲರಿಗೂ ಗೊತ್ತು. ಅದರ ಮುಂದಿನ ಭಾಗವನ್ನು ನಾವು ಅಷ್ಟಾಗಿ ಗಮನಿಸುವುದಿಲ್ಲ. ಮೊಟ್ಟೆ ಮಾಂಸವಲ್ಲವೆಂಬ ಮಾತು ನಂಬಿ ಗಾಂಧಿಯವರು ಕೆಲಕಾಲ ಮೊಟ್ಟೆ ತಿಂದರು. ಬಳಿಕ ಯೋಚಿಸಿದರು: ಪ್ರತಿಜ್ಞೆ ಕೊಟ್ಟದ್ದು ತಾಯಿಗೆ, ತಾಯಿಯ ಮನಸ್ಸಿನಲ್ಲಿ ಮಾಂಸವೆಂದರೆ ಮೊಟ್ಟೆಯೂ ಸೇರಿತ್ತು, ಆದ್ದರಿಂದ ಇಂಗ್ಲೆಂಡಿನ ಪಂಡಿತರ ವ್ಯಾಖ್ಯೆ ಇಲ್ಲಿ ನಡೆಯದು. ಮೊಟ್ಟೆ ಬಿಟ್ಟರು. ಆಮೇಲೆ ತಿಳಿದದ್ದು, ಸಸ್ಯಾಹಾರಿ ಭೋಜನಾಲಯದ ಎಷ್ಟೋ ಖಾದ್ಯಗಳಲ್ಲಿಯೂ ಮೊಟ್ಟೆ ಇದೆಯೆಂದು. ಹಡಗಿನಲ್ಲಿ ಬಾಯಿ ಬಿಡಲಾರದಿದ್ದ ಅದೇ ಯುವಕ, ಪುಡಿಂಗಿನಲ್ಲಿ ಮೊಟ್ಟೆ ಇದೆಯೇ, ಕೇಕಿನಲ್ಲಿ ಇದೆಯೇ ಎಂದು ಒಂದೊಂದನ್ನೂ ಮುಜುಗರಪಡುತ್ತಲೇ ವಿಚಾರಿಸಿ ಉಣ್ಣತೊಡಗಿದ.

ನನ್ನ ಶಿಷ್ಯನಿಗೆ ಈ ಪ್ರಸಂಗವನ್ನು ಓದಲು ಹೇಳಿದೆ. ಅವನು ಒಂದು ಚೀಟಿ ಮಾಡಿಕೊಂಡ. ಅದರಲ್ಲಿ 'ಸಸ್ಯಾಹಾರಿ' ಎಂಬ ಪದವೇ ಇಲ್ಲ. ಮಾಂಸ, ಮೀನು, ಮೊಟ್ಟೆ, ಜೇನು, ಮೂಳೆಯ ಸಾರು, ಜೆಲಟಿನ್, ಈರುಳ್ಳಿ, ಬೆಳ್ಳುಳ್ಳಿ, ನೆಲದಡಿಯ ಗಡ್ಡೆಗಳು ಇವನ್ನು ನಾನು ತಿನ್ನುವುದಿಲ್ಲ, ಇದರಲ್ಲಿ ಯಾವುದಾದರೂ ಇದೆಯೇ ದಯವಿಟ್ಟು ತಿಳಿಸಿ ಎಂದು ಜರ್ಮನ್ ಭಾಷೆಯಲ್ಲಿ ಬರೆಸಿಕೊಂಡು ಕಿಸೆಯಲ್ಲಿಟ್ಟುಕೊಂಡಿದ್ದಾನೆ. ಹೆಚ್ಚಿನ ಕಡೆ ಜನ ಬೇಸರಪಡುವುದಿಲ್ಲವಂತೆ. ಒಳಗೆ ಹೋಗಿ ಅಡುಗೆಯವರನ್ನು ಕೇಳಿ ಬರುತ್ತಾರಂತೆ.

ಪೂರ್ವದ ದೇಶಗಳಿಗೆ ಹೋಗುವವರಿಗೆ ಒಂದು ಸಂತೋಷದ ಸಂಗತಿ. ಚೀನಾ, ತೈವಾನ್, ಕೊರಿಯಾ, ವಿಯೆಟ್ನಾಮ್, ಜಪಾನುಗಳ ಬೌದ್ಧ ವಿಹಾರಗಳ ಅಡುಗೆಯಲ್ಲಿ ಮಾಂಸ, ಮೀನುಗಳ ಜೊತೆಗೆ ಈರುಳ್ಳಿ, ಬೆಳ್ಳುಳ್ಳಿ ಮತ್ತು ಅವುಗಳ ಬಳಗದ ಘಾಟು ಸೊಪ್ಪುಗಳೂ ನಿಷಿದ್ಧ. ಜಪಾನಿನಲ್ಲಿ ಇದಕ್ಕೆ ಶೋಜಿನ್ ಅಡುಗೆ ಎನ್ನುತ್ತಾರೆ. ಥಾಯ್ಲೆಂಡಿನಲ್ಲಿ ಹಳದಿ ಬಾವುಟದ ಮೇಲೆ ಕೆಂಪು ಅಕ್ಷರದಲ್ಲಿ 'ಜೇ' ಎಂದು ಬರೆದಿರುವ ಅಂಗಡಿಗಳಲ್ಲಿ ಮೀನಿನ ರಸವೂ ಇಲ್ಲ, ಬೆಳ್ಳುಳ್ಳಿಯೂ ಇಲ್ಲ. ಕಾರಣ ಮಾತ್ರ ಬೇರೆ. ಅವರು ಘಾಟು ಪದಾರ್ಥಗಳನ್ನು ಬಿಡುವುದು ಧ್ಯಾನಕ್ಕೆ ಭಂಗ ಬರುತ್ತದೆಂದು. ನಾವು ಕಂದಮೂಲಗಳನ್ನು ಬಿಡುವುದು ಅವು ಅನಂತಕಾಯವೆಂದು, ಒಂದೇ ಶರೀರದಲ್ಲಿ ಅನಂತ ಜೀವಗಳು ನೆಲೆಸಿವೆಯೆಂದು. ಹೀಗಾಗಿ ಅವರ ತಟ್ಟೆಯಲ್ಲಿ ಮೂಲಂಗಿಯೂ ತಾವರೆಯ ದಂಟೂ ಇರುತ್ತವೆ, ಅದನ್ನು ಕೇಳಿ ತೆಗೆಸಬೇಕು. ಇಥಿಯೋಪಿಯಾದ ಕ್ರೈಸ್ತರು ಬುಧವಾರ, ಶುಕ್ರವಾರಗಳಂದು ವ್ರತದ ಊಟ ಮಾಡುತ್ತಾರೆ. ಮಾಂಸ, ಮೊಟ್ಟೆ, ಹಾಲು ಯಾವುದೂ ಅದರಲ್ಲಿಲ್ಲ. ಈರುಳ್ಳಿ ಮಾತ್ರ ತುಂಬ. ತ್ಯಾಗ ಮಾಡಿ ಉಣ್ಣುವವರು ಜಗತ್ತಿನಲ್ಲಿ ನಾವೊಬ್ಬರೇ ಅಲ್ಲವೆಂದು ತಿಳಿದಾಗ ಮನಸ್ಸು ಹಗುರವಾಗುತ್ತದೆ.

ಇನ್ನು ಬುತ್ತಿಯ ಮಾತು. ನಮ್ಮ ತಾಯಂದಿರು ತೀರ್ಥಯಾತ್ರೆಗೆ ಕಟ್ಟಿಕೊಡುತ್ತಿದ್ದ ಬುತ್ತಿಯನ್ನು ನೆನೆಯಿರಿ: ಸಜ್ಜೆಯ ಖಡಕ್ ರೊಟ್ಟಿ, ಗುರೆಳ್ಳು ಚಟ್ನಿಪುಡಿ, ಶೇಂಗಾ ಚಟ್ನಿಪುಡಿ, ಹುರಿಹಿಟ್ಟು, ಒಗ್ಗರಣೆ ಅವಲಕ್ಕಿ, ಬೆಲ್ಲ, ಕೊಬ್ಬರಿ. ಬೆಳ್ಳುಳ್ಳಿ ಇಲ್ಲ, ಹಾಲಿಲ್ಲ. ವೀಗನ್ ಎಂಬ ಪದ ಹುಟ್ಟುವ ಮೊದಲೇ ಅದು ವೀಗನ್ ಆಗಿತ್ತು! ಹಿಟ್ಟಿಗೂ ಒಂದು ಮರ್ಯಾದೆಯಿದೆ, ಎಂದರೆ ಕಾಲಮಿತಿ: ಚಳಿಗಾಲದಲ್ಲಿ ಏಳು ದಿನ, ಬೇಸಿಗೆಯಲ್ಲಿ ಐದು, ಮಳೆಗಾಲದಲ್ಲಿ ಮೂರು. ತೇವ ಹೆಚ್ಚಿದಷ್ಟೂ ಜೀವೋತ್ಪತ್ತಿ ಬೇಗ ಎಂಬ ಲೆಕ್ಕ ಅದು. ಮಕ್ಕಳಿಗೆ ವಿಜ್ಞಾನ ಹೇಳಿಕೊಟ್ಟ ನನಗೆ ಈ ಮೂರು ಅಂಕಿಗಳಲ್ಲಿ ಕಾಣುವ ಸೂಕ್ಷ್ಮದೃಷ್ಟಿ ಇಂದಿಗೂ ಬೆರಗು ಹುಟ್ಟಿಸುತ್ತದೆ.

ಈ ಹಳೆಯ ಬುತ್ತಿ ಇಂದಿನ ವಿದೇಶ ಪ್ರಯಾಣಕ್ಕೂ ಹೊಂದುತ್ತದೆ. ಯುರೋಪ್ ಒಕ್ಕೂಟದ ದೇಶಗಳಿಗೆ ಹೊರಗಿನಿಂದ ಹೋಗುವ ಪ್ರಯಾಣಿಕರು ಹಾಲಿನ ಪದಾರ್ಥಗಳನ್ನು ಕೊಂಡೊಯ್ಯುವಂತಿಲ್ಲ. ಧಾರವಾಡ ಪೇಡೆ ಅಲ್ಲಿನ ವಿಮಾನ ನಿಲ್ದಾಣದ ಕಸದ ಬುಟ್ಟಿ ಸೇರುವುದು ಖಂಡಿತ. ಚಟ್ನಿಪುಡಿಗೆ ಆ ತೊಂದರೆಯಿಲ್ಲ. ಆಸ್ಟ್ರೇಲಿಯಾದಲ್ಲಿ ತಂದ ತಿನಿಸನ್ನೆಲ್ಲ ಇಳಿಯುವ ಮೊದಲು ಚೀಟಿಯಲ್ಲಿ ಬರೆದು ತಿಳಿಸಬೇಕು. ಇಲ್ಲಿ ನಮ್ಮವರಲ್ಲಿ ಕೆಲವರು ಮಾಡುವ ಒಂದು ಕೆಲಸ ನನಗೆ ಹಿಡಿಸುವುದಿಲ್ಲ: ಶುದ್ಧ ಆಹಾರವೇ ತಾನೇ ಎಂದು ಉಪ್ಪಿನಕಾಯಿಯನ್ನು ಬಟ್ಟೆಯ ನಡುವೆ ಅಡಗಿಸಿ, ಚೀಟಿಯಲ್ಲಿ 'ಇಲ್ಲ' ಎಂದು ಗುರುತು ಹಾಕುವುದು. ಅಹಿಂಸಾಣುವ್ರತದ ಪಕ್ಕದಲ್ಲಿಯೇ ಸತ್ಯಾಣುವ್ರತವೂ ಇದೆ. ಉಪ್ಪಿನಕಾಯಿಗಾಗಿ ಸುಳ್ಳು ಬರೆದವನ ಬುತ್ತಿ ಶುದ್ಧವಾಗಿ ಉಳಿಯಿತೇ?

ಬುತ್ತಿ ಮುಗಿದಾಗ ಉಪವಾಸವೇ ಲೇಸೆನ್ನುವ ಹಿರಿಯರೂ ಇದ್ದಾರೆ. ನಾವು ಕೆಲವರು ಸಮ್ಮೇದ ಶಿಖರ್ಜಿಗೆ ಹೋದಾಗ ಗುಂಪಿನಲ್ಲಿ ಸಕ್ಕರೆ ಕಾಯಿಲೆಯ ಅಜ್ಜಿಯೊಬ್ಬರಿದ್ದರು. ರೈಲಿನಲ್ಲಿ ಮಾತ್ರೆ ನುಂಗಿ, ಊಟ ಮಾತ್ರ ಒಲ್ಲೆನೆಂದು ಕುಳಿತರು. ಪಾರಸನಾಥ ನಿಲ್ದಾಣ ಬರುವುದರೊಳಗೆ ಮೈ ಬೆವರಿ ಕಣ್ಣು ಕತ್ತಲಿಟ್ಟಿತು. ಬೆಲ್ಲ ತಿನ್ನಿಸಿ ಎಬ್ಬಿಸಬೇಕಾಯಿತು. ಬೆಟ್ಟದ ಮೇಲಿನ ವಂದನೆಯೆಂದರೆ ಹತ್ತಿ, ಸುತ್ತಿ, ಇಳಿಯುವುದು ಸೇರಿ 27 ಕಿಲೋಮೀಟರ್. ಇಪ್ಪತ್ತು ತೀರ್ಥಂಕರರು ಮೋಕ್ಷ ಪಡೆದ ಆ ನೆಲವನ್ನು ಅವರು ಡೋಲಿಯಲ್ಲಿ ಕುಳಿತು ನೋಡಬೇಕಾಯಿತು. ಸಂಕಲ್ಪ ಮಾಡಿ ಕೈಗೊಳ್ಳುವ ಉಪವಾಸ ತಪಸ್ಸು. ಕೇಳಲು ಸಂಕೋಚಪಟ್ಟು ಹಸಿದು ಕೂರುವುದಕ್ಕೆ ಆ ಹೆಸರು ಸಲ್ಲದು. ಔಷಧ ತೆಗೆದುಕೊಳ್ಳುವವರು ವೈದ್ಯರನ್ನು ಕೇಳದೆ ದಾರಿಯಲ್ಲಿ ಊಟ ಬಿಡಬಾರದು.

ಆರೋಗ್ಯದ ಇನ್ನೊಂದು ಮಾತು. ಬಿ12 ಜೀವಸತ್ವ ಗಿಡಮೂಲದ ಆಹಾರದಲ್ಲಿ ಸಿಗುವುದಿಲ್ಲ. ಹಾಲು ಕುಡಿಯುವವರಿಗೆ ಒಂದಿಷ್ಟು ಸಿಗುತ್ತದೆ. ಹಾಲನ್ನೂ ಬಿಟ್ಟವರು ಮಾತ್ರೆಯನ್ನೋ ಅದನ್ನು ಬೆರೆಸಿದ ಆಹಾರವನ್ನೋ ತೆಗೆದುಕೊಳ್ಳಲೇಬೇಕು. ಕೊರತೆಯಾದರೆ ರಕ್ತಹೀನತೆ ಬರುತ್ತದೆ, ಕೈಕಾಲು ಜೋಮು ಹಿಡಿಯುತ್ತದೆ. ಈ ಜೀವಸತ್ವವನ್ನು ತಯಾರಿಸುವುದು ಸೂಕ್ಷ್ಮಾಣುಗಳನ್ನು ಬೆಳೆಸಿ, ಅದಕ್ಕಾಗಿ ಪಶುವಧೆಯಿಲ್ಲ. ಕ್ಯಾಪ್ಸೂಲಿನ ಹೊರಕವಚ ಜೆಲಟಿನ್ನದಾಗಿರಬಹುದು, ಅಂಗಡಿಯವರನ್ನು ಕೇಳಿ ಗಿಡಮೂಲದ ಕವಚದ್ದನ್ನೋ ಬರಿಯ ಮಾತ್ರೆಯನ್ನೋ ಕೊಳ್ಳಿರಿ.

ಹಾಲಿನ ಪ್ರಶ್ನೆ ನಮ್ಮ ಮನೆಗಳಲ್ಲಿ ಈಗ ಬಿಸಿಯಾಗಿಯೇ ಇದೆ. ಮುನಿಗಳ ಆಹಾರದಾನದಲ್ಲಿ ಹಾಲು, ತುಪ್ಪಗಳಿಗೆ ಎಡೆಯಿದೆ. ರಸಪರಿತ್ಯಾಗ ತಪಸ್ಸಿನಲ್ಲಿ ಅವುಗಳನ್ನು ಬಿಡುವ ಕ್ರಮವೂ ಇದೆ. ಅಂದಿನ ಹಾಲು ಕರು ಕುಡಿದು ಉಳಿದದ್ದು. ಇಂದಿನ ಡೈರಿಯಲ್ಲಿ ಗಂಡುಕರುವಿನ ಗತಿಯೇನು, ಬತ್ತಿದ ಹಸುವಿನ ಗತಿಯೇನು ಎಂದು ಯುವಕರು ಕೇಳಿದರೆ ಶಾಸ್ತ್ರ ತೋರಿಸಿ ಬಾಯಿ ಮುಚ್ಚಿಸುವುದು ಸರಿಯಲ್ಲವೆಂಬುದು ನನ್ನ ಎಣಿಕೆ. ಅಹಿಂಸೆಯ ಪ್ರಶ್ನೆಯನ್ನು ಅವರು ನಮ್ಮಿಂದಲೇ ಕಲಿತಿದ್ದಾರೆ. ಗಾಂಧಿಯವರು 1912ರಲ್ಲಿ ಹಾಲು ಬಿಟ್ಟರು; ಹಾಲಿನ ಬಗೆಗೆ ಅವರಿಗೆ ಮೊದಲು ಎಚ್ಚರ ಹುಟ್ಟಿಸಿದವರು ಜೈನ ಸಾಧಕರಾದ ರಾಯಚಂದಭಾಯಿಯವರು. ಮುಂದೆ ಕಾಯಿಲೆ ಬಿದ್ದಾಗ, ತಾನು ಬಿಟ್ಟದ್ದು ಹಸು ಎಮ್ಮೆಗಳ ಹಾಲನ್ನು ಎಂದುಕೊಂಡು ಮೇಕೆಯ ಹಾಲು ಕುಡಿದರು. ಅಕ್ಷರ ಉಳಿಯಿತು, ಭಾವ ಉಳಿಯಲಿಲ್ಲವೆಂಬ ಕೊರಗು ಅವರನ್ನು ಬಿಡಲಿಲ್ಲ. ನಮ್ಮ ಮನೆಯಲ್ಲಿ ಸೊಸೆ ಹಾಲು ಮುಟ್ಟುವುದಿಲ್ಲ. ನನ್ನ ಚಹಾಕ್ಕೆ ಒಂದು ಲೋಟ ಇನ್ನೂ ಬರುತ್ತಿದೆ. ಇಬ್ಬರೂ ಒಂದೇ ಪಂಕ್ತಿಯಲ್ಲಿ ಕುಳಿತು ಉಣ್ಣುತ್ತೇವೆ.

ಆದರೆ ವೀಗನ್ ಅಂಗಡಿಗಳಲ್ಲಿ ಮಾರುವ ಒಂದು ಪದಾರ್ಥದ ಬಗೆಗೆ ನನ್ನ ಮನಸ್ಸು ಒಪ್ಪಿಲ್ಲ. ಸೋಯಾ, ಗೋಧಿಗಳಿಂದ ಮಾಡಿ, ಕೋಳಿಯ ತೊಡೆಯ ಆಕಾರ, ಅದೇ ರುಚಿ, ಅದೇ ನಾರು ಬರಿಸಿದ ಕೃತಕ ಮಾಂಸ. ಒಂದು ಪ್ರಾಣಿಯೂ ಸತ್ತಿಲ್ಲ, ನಿಜ. ಮಾಂಸ ತಿಂದು ಬೆಳೆದವನು ಅದನ್ನು ಬಿಡಲು ಇದನ್ನು ಊರುಗೋಲಾಗಿ ಹಿಡಿದರೆ ನಾನು ಸಂತೋಷಪಡುತ್ತೇನೆ. ಹುಟ್ಟಾ ತಿನ್ನದವನು ಅದನ್ನು ಹುಡುಕಿಕೊಂಡು ಹೋಗುವುದೇಕೆ? 1209ರಲ್ಲಿ ಜನ್ನ ಬರೆದ ಯಶೋಧರ ಚರಿತೆಯನ್ನು ಕನ್ನಡಿಗರಿಗೆ ನೆನಪಿಸಬೇಕಾಗಿಲ್ಲ. ಯಶೋಧರ ಕಡಿದದ್ದು ಹಿಟ್ಟಿನ ಕೋಳಿಯನ್ನು. ಆ ಸಂಕಲ್ಪಹಿಂಸೆಗಾಗಿ ತಾಯಿಯೂ ಮಗನೂ ಜನ್ಮಜನ್ಮಗಳಲ್ಲಿ ತೊಳಲಿದರು. ಗೋಧಿಯ ಕೋಳಿಯನ್ನು ಕಂಡಾಗಲೆಲ್ಲ ನನಗೆ ಆ ಹಿಟ್ಟಿನ ಕೋಳಿ ನೆನಪಾಗುತ್ತದೆ.

ಕೊನೆಯದಾಗಿ ರಾತ್ರಿಭೋಜನ ತ್ಯಾಗ. ನಾವು ಹಿಡಿಯಬೇಕಾದದ್ದು ಇರುವ ಊರಿನ ಸೂರ್ಯನನ್ನು, ಬಿಟ್ಟು ಬಂದ ಊರಿನ ಗಡಿಯಾರವನ್ನಲ್ಲ. ಜೂನ್ ತಿಂಗಳ ಲಂಡನ್ನಿನಲ್ಲಿ ಸೂರ್ಯ ಮುಳುಗುವುದು ರಾತ್ರಿ ಒಂಬತ್ತರ ಮೇಲೆ. ಡಿಸೆಂಬರಿನಲ್ಲಿ ಸಂಜೆ ನಾಲ್ಕಕ್ಕೂ ಮೊದಲೇ. ನಾರ್ವೆಯ ಉತ್ತರದ ಊರುಗಳಲ್ಲಿ ಚಳಿಗಾಲದ ಕೆಲವು ವಾರ ಸೂರ್ಯ ಹುಟ್ಟುವುದೇ ಇಲ್ಲ. ದುಡಿಯುವವನು ಏನು ಮಾಡಬೇಕು? ಸಮಂತಭದ್ರಾಚಾರ್ಯರು ಇದಕ್ಕೊಂದು ದಾರಿ ತೋರಿದ್ದಾರೆ. ಜೀವನಪರ್ಯಂತದ ತ್ಯಾಗ ಯಮ, ಕಾಲಮಿತಿಯ ತ್ಯಾಗ ನಿಯಮ. ಪೂರ್ತಿ ಚಳಿಗಾಲಕ್ಕೆ ಆಗದಿದ್ದರೆ ಅಷ್ಟಮಿ, ಚತುರ್ದಶಿಗಳಿಗೆ ನಿಯಮ ತೊಡಬಹುದು. ಹದಿನೈದು ದಿನದ ಪ್ರವಾಸಕ್ಕೆ ಹದಿನೈದು ದಿನದ ನಿಯಮ. ಹೊರಡುವ ಹಿಂದಿನ ದಿನ ಬಸದಿಗೆ ಹೋಗಿ, ಇಂಥ ದಿನದಿಂದ ಇಂಥ ದಿನದವರೆಗೆ ಇಷ್ಟು ಎಂದು ಜಿನಬಿಂಬದ ಮುಂದೆ ಹೇಳಿಕೊಂಡು, ಮನೆಯ ಪಂಚಾಂಗದಲ್ಲಿಯೂ ಬರೆದಿಟ್ಟು ಹೋಗಿರಿ. ಕಳೆದ ಡಿಸೆಂಬರಿನಲ್ಲಿ ನಮ್ಮ ಬೀದಿಯ ಹುಡುಗಿಯೊಬ್ಬಳು ಲಂಡನ್ನಿನ ಆಸ್ಪತ್ರೆಯಲ್ಲಿ ಕೆಲಸಕ್ಕೆ ಸೇರಿದಳು. ವಾರಕ್ಕೆ ಎರಡು ದಿನ ಮಧ್ಯಾಹ್ನ ಮೂರಕ್ಕೆ ಹತ್ತು ನಿಮಿಷ ಬಿಡುವು ಕೇಳಿಕೊಂಡು, ಡಬ್ಬಿಯ ರೊಟ್ಟಿ, ಚಟ್ನಿಪುಡಿ ತಿಂದು, ನೀರು ಕುಡಿದು, ಮತ್ತೆ ರೋಗಿಗಳ ಬಳಿಗೆ ಹೋಗುತ್ತಾಳೆ. ಏಕೆಂದು ಕೇಳಿದ ಮೇಲ್ವಿಚಾರಕಿಗೆ ಅವಳು ಕಿಟಕಿಯಾಚೆಯ ಸೂರ್ಯನನ್ನು ತೋರಿಸಿದಳಂತೆ.